ಗುಮ್ಮಟದ ಲೆಕ್ಕ ಕೈಗೆ ಸಿಕ್ಕರೆ ವಿಜಯಪುರ ಅರ್ಥವಾಗುತ್ತದೆ

ವಿಜಯಪುರಕ್ಕೆ ಹೋದವರಲ್ಲಿ ಹೆಚ್ಚಿನವರು ಗೋಳಗುಮ್ಮಟ ಹತ್ತಿ, ಒಮ್ಮೆ ಕೂಗಿ, ಪ್ರತಿಧ್ವನಿ ಎಣಿಸಿ ಇಳಿದುಬಿಡುತ್ತಾರೆ. ಅಷ್ಟು ದೊಡ್ಡ ಗುಮ್ಮಟ ನಡುವೆ ಒಂದೂ ಕಂಬವಿಲ್ಲದೆ ಹೇಗೆ ನಿಂತಿದೆ ಎಂಬ ಪ್ರಶ್ನೆ ಇಟ್ಟುಕೊಂಡು ಸುತ್ತಿದರೆ ಊರಿನ ಉಳಿದ ಕಟ್ಟಡಗಳೂ ಒಂದೇ ದಾರಕ್ಕೆ ಪೋಣಿಸಿಕೊಳ್ಳುತ್ತವೆ. ಇದಕ್ಕೆ ಒಂದು ಇಡೀ ದಿನ ಬೇಕು. ನವೆಂಬರ್‌ನಿಂದ ಫೆಬ್ರವರಿವರೆಗೆ ಹವೆ ಹಿತ. ಶುಕ್ರವಾರ ಬೇಡ: ಜಾಮಿಯಾ ಮಸೀದಿಯಲ್ಲಿ ಮಧ್ಯಾಹ್ನದ ನಮಾಜಿನ ಹೊತ್ತು, ಗೋಳಗುಮ್ಮಟದ ಮ್ಯೂಸಿಯಂಗೂ ಅಂದು ರಜೆ.

ಹೊರಡುವ ಮೊದಲು

ಹಿಂದಿನ ರಾತ್ರಿ ಒಂದು ಚಿತ್ರ ಬರೆದುಕೊಳ್ಳಿ. 10 ಸೆಂ.ಮೀ. ಬದಿಯ ಚೌಕ ಹಾಕಿ, ಪ್ರತಿ ಬದಿಯಲ್ಲೂ ಎರಡು ಮೂಲೆಗಳಿಂದ 3 ಸೆಂ.ಮೀ. ಒಳಕ್ಕೆ ಒಂದೊಂದು ಚುಕ್ಕಿ ಇಡಿ. ಒಟ್ಟು ಎಂಟು ಚುಕ್ಕಿ. ಸುತ್ತಲೂ ಒಂದರಿಂದ ಎಂಟರವರೆಗೆ ಸಂಖ್ಯೆ ಕೊಟ್ಟು 1-3-5-7 ಒಂದು ಚೌಕ, 2-4-6-8 ಇನ್ನೊಂದು ಚೌಕವಾಗಿ ಗೆರೆ ಎಳೆಯಿರಿ. ನಡುವೆ ಅಷ್ಟಕೋನ ಮೂಡುತ್ತದೆ. ಪ್ರತಿ ಗೆರೆಯನ್ನೂ ಒಂದು ಕಮಾನು ಎಂದುಕೊಳ್ಳಿ. ಗೋಳಗುಮ್ಮಟದ ಒಳಗುಟ್ಟು ಇಷ್ಟೇ.

ಮನೆಯಲ್ಲೇ ನಿಮ್ಮ ಹೆಜ್ಜೆಯ ಉದ್ದವನ್ನೂ ಅಳೆದಿಟ್ಟುಕೊಳ್ಳಿ. ಹತ್ತು ಮೀಟರ್ ನಡೆದು ಹೆಜ್ಜೆ ಎಣಿಸಿ ಭಾಗಿಸಿದರೆ ಸಾಕು. ದುರ್ಬೀನು, ಟಾರ್ಚ್, ಕಾಲುಚೀಲ ಚೀಲದಲ್ಲಿರಲಿ. ಚಪ್ಪಲಿ ಬಿಟ್ಟ ಮೇಲೆ ಬಿಸಿಲಿಗೆ ಕಾದ ಕಪ್ಪುಕಲ್ಲಿನ ಮೇಲೆ ನಡೆಯುವಾಗ ಕಾಲುಚೀಲದ ಬೆಲೆ ಗೊತ್ತಾಗುತ್ತದೆ.

ಬೆಳಗ್ಗೆ: ಗೋಳಗುಮ್ಮಟ

ಬಾಗಿಲು ತೆರೆಯುವ ಹೊತ್ತಿಗೇ ಅಲ್ಲಿರಿ. ಶಾಲಾ ಪ್ರವಾಸದ ಬಸ್ಸುಗಳು ಬಂದ ಮೇಲೆ, ಮೇಲಿನ ಮೊಗಸಾಲೆಯಲ್ಲಿ ಗೋಡೆಗುಂಟ ಎದುರಿನವರಿಗೆ ಪಿಸುಮಾತು ಕಳಿಸುವ ಆಟ ನಡೆಯುವುದಿಲ್ಲ. ಮುಂದಿರುವ ಮ್ಯೂಸಿಯಂ ಕಟ್ಟಡ ನೋಟಕ್ಕೆ ಅಡ್ಡ ಬರುವುದರಿಂದ ಅದನ್ನು ದಾಟಿದ ಮೇಲೆಯೇ ಫೋಟೊ ತೆಗೆಯಿರಿ.

ಒಳಗೆ ಹೋದ ಕೂಡಲೇ ಮೆಟ್ಟಿಲಿನತ್ತ ಓಡಬೇಡಿ. ಮೊದಲು ಗೋಡೆಯಿಂದ ಗೋಡೆಗೆ ನಡೆಯಿರಿ: ಸುಮಾರು 41 ಮೀಟರ್, ಅಂದರೆ 70 ಸೆಂ.ಮೀ. ಹೆಜ್ಜೆಗೆ 58ರ ಆಸುಪಾಸು. ಆಮೇಲೆ ತಲೆಯೆತ್ತಿ ನಿಮ್ಮ ಚಿತ್ರದ ಎಂಟು ಕಮಾನು ಹುಡುಕಿ. ಅವು ಒಂದನ್ನೊಂದು ಕತ್ತರಿಸುತ್ತ ಮೇಲೇರಿ, ಚೌಕವನ್ನು ಅಷ್ಟಕೋನಕ್ಕೂ ಅಲ್ಲಿಂದ ವೃತ್ತಕ್ಕೂ ತಂದು ನಿಲ್ಲಿಸುತ್ತವೆ. ಗುಮ್ಮಟದ ಒಳವ್ಯಾಸ ಸುಮಾರು 38 ಮೀಟರ್. ಅದರ ಭಾರ ಬುಡವನ್ನು ಹೊರಕ್ಕೆ ತಳ್ಳುತ್ತದೆ, ಕಮಾನುಗಳ ನಡುವೆ ಒಳಕ್ಕೆ ಚಾಚಿದ ಕಟ್ಟಡದ ಭಾರ ಒಳಕ್ಕೆ ಎಳೆಯುತ್ತದೆ. ಹೀಗೆ ತಳ್ಳಾಟ ಸರಿತೂಗುತ್ತದೆ. ವಿಜಯಪುರದ ಸುಲ್ತಾನ ಮುಹಮ್ಮದ್ ಆದಿಲ್ ಶಾಹನ ಈ ಗೋರಿಯಲ್ಲಿ ಕಣ್ಣು ನೆಡಬೇಕಾದದ್ದು ಇಲ್ಲೇ.

ಈಗ ಮೂಲೆಯ ಗೋಪುರದ ಮೆಟ್ಟಿಲು ಹತ್ತಿ. ಏಳು ಅಂತಸ್ತು, ಇಕ್ಕಟ್ಟು, ಕಡಿದು. ಮಂಡಿನೋವಿದ್ದವರು ಕೆಳಗೇ ಉಳಿಯುವುದು ಲೇಸು. ಮೇಲಿನ ಮೊಗಸಾಲೆ ಸುಮಾರು 3.4 ಮೀಟರ್ ಅಗಲ. ಕೆಳಗೆ ನೋಡಿದ ಆ ಒಳಚಾಚಿನ ಮೇಲೆಯೇ ಈಗ ನೀವು ನಿಂತಿದ್ದೀರಿ. ಪಿಸುಮಾತಿಗೆ ಜೊತೆಗಾರರನ್ನು ಸರಿ ಎದುರಿಗೆ ಕೂರಿಸಿ, ಬಾಯಿಯನ್ನು ಗೋಡೆಗೆ ಹತ್ತಿರ ತಂದು, ಗೋಡೆಯ ಉದ್ದಕ್ಕೂ ಹರಿಯುವಂತೆ ಮಾತಾಡಿ. ಅವರು ಕಿವಿಯನ್ನು ಗೋಡೆಗೆ ಒಡ್ಡಿರಬೇಕು. ಕೂಗಿದರೆ ಪ್ರತಿಧ್ವನಿಗಳು ಒಂದರ ಮೇಲೊಂದು ಬಿದ್ದು ಮಾತೇ ಕಲಸಿಹೋಗುತ್ತದೆ.

ಜಾಮಿಯಾ ಮಸೀದಿಯಿಂದ ಬಾರಾ ಕಮಾನಿಗೆ

ಆಟೊ ಅಥವಾ ಟಾಂಗಾ ಹಿಡಿದು ಜಾಮಿಯಾ ಮಸೀದಿಗೆ ಬನ್ನಿ. 1565ರ ತಾಳಿಕೋಟೆ ಯುದ್ಧದ ನಂತರ ಒಂದನೇ ಅಲಿ ಆದಿಲ್ ಶಾಹ ಆರಂಭಿಸಿದ ಕಟ್ಟಡವಿದು. ಗೋಳಗುಮ್ಮಟಕ್ಕಿಂತ ಅರ್ಧ ಶತಮಾನ ಹಿಂದಿನದು. ನಡುವಿನ ಗುಮ್ಮಟದ ಕೆಳಗೆ ನಿಂತು ನೋಡಿ: ಅದೇ ಕತ್ತರಿ ಕಮಾನು, ಚಿಕ್ಕ ಅಳತೆಯಲ್ಲಿ. ಉಪಾಯ ಮೊದಲು ಪಳಗಿದ್ದು ಇಂಥ ಕಡೆ.

ಅಲ್ಲಿಂದ ಕೋಟೆಯತ್ತ ಹೋಗುವ ದಾರಿಯಲ್ಲೇ ಮೆಹ್ತರ್ ಮಹಲ್. ಬಾಲ್ಕನಿ ಹೊತ್ತ ತೊಲೆಕೈಗಳನ್ನು ದುರ್ಬೀನಿನಲ್ಲಿ ನೋಡಿ; ಮರದ ಕೆತ್ತನೆ ಎನ್ನಿಸಿದರೂ ಅದು ಕಲ್ಲು. ಗಗನ ಮಹಲಿನಲ್ಲಿ (1561) ಕಥೆ ಉಲ್ಟಾ. ಅಲ್ಲಿನ ಮರದ ಅಂತಸ್ತುಗಳೆಲ್ಲ ಹೋಗಿ, 18 ಮೀಟರಿಗೂ ಅಗಲವಾದ ನಡುಗಮಾನು ಮಾತ್ರ ಉಳಿದಿದೆ. ಮರಕ್ಕಿಂತ ಕಮಾನು ಎಷ್ಟು ಬಾಳುತ್ತದೆ ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಡ.

ಸಮೀಪದಲ್ಲೇ ಬಾರಾ ಕಮಾನ್. ಎರಡನೇ ಅಲಿ ಆದಿಲ್ ಶಾಹ 1672ರಲ್ಲಿ ತೀರಿಕೊಂಡಾಗ ಅವನ ಗೋರಿ ಅರ್ಧದಲ್ಲೇ ನಿಂತಿತು, ಗುಮ್ಮಟ ಬರಲೇ ಇಲ್ಲ. ಫೋಟೊಗೆ ಹಿನ್ನೆಲೆ ಮಾಡಿಕೊಂಡು ಹೊರಡುವವರೇ ಹೆಚ್ಚು. ನಮ್ಮ ಮಟ್ಟಿಗೆ ಇದೇ ಊರಿನ ಅತ್ಯುತ್ತಮ ಪಾಠಶಾಲೆ. ಬೇರೆಡೆ ಗಾರೆಯ ಹಿಂದೆ ಅಡಗಿರುವ ಕಲ್ಲಿನ ಜೋಡಣೆ ಇಲ್ಲಿ ಬರಿಗಣ್ಣಿಗೆ ಕಾಣುತ್ತದೆ. ಒಂದು ಕಮಾನು ಆರಿಸಿ, ಬುಡದಿಂದ ತುದಿಯವರೆಗೆ ಕಲ್ಲುಗಳು ಹೇಗೆ ವಾಲುತ್ತ ಹೋಗುತ್ತವೆ ಎಂದು ಬರೆದುಕೊಳ್ಳಿ.

ಸಂಜೆ: ಇಬ್ರಾಹಿಂ ರೋಜಾ

ಊಟ, ವಿಶ್ರಾಂತಿ ಮುಗಿಸಿ, ಮುಚ್ಚುವ ಹೊತ್ತಿಗೆ ಎರಡು ಗಂಟೆ ಮೊದಲೇ ಎರಡನೇ ಇಬ್ರಾಹಿಂ ಆದಿಲ್ ಶಾಹನ ಗೋರಿಯಿರುವ ಇಲ್ಲಿಗೆ ಬನ್ನಿ. ಇದು ಹಳೆಯ ಕೋಟೆಗೋಡೆಯ ಹೊರಗೆ, ಪಶ್ಚಿಮಕ್ಕಿದೆ. ಒಂದೇ ಜಗಲಿಯ ಮೇಲೆ ಗೋರಿ, ಮಸೀದಿ ಎದುರುಬದುರು. ಗೋರಿಯ ಕೋಣೆಯಲ್ಲಿ ಟಾರ್ಚ್ ಹಿಡಿದು ಛಾವಣಿ ನೋಡಿ. ಇಷ್ಟು ಹೊತ್ತು ಕಮಾನು, ಗುಮ್ಮಟ ನೋಡಿ ಪಳಗಿದ ಕಣ್ಣಿಗೆ ಇಲ್ಲೊಂದು ಪೆಟ್ಟು: ನಡುವಿನ ಭಾಗ ಪೂರ್ತಿ ಸಪಾಟು, ಬದಿಯೇ ಸುಮಾರು 24 ಅಡಿ. ಕೆಳಗೆ ಆಸರೆಯಿಲ್ಲದೆ ಕಲ್ಲುಗಳು ಗಾರೆಯ ಬಿಗಿಯಲ್ಲಿ ನಿಂತಿವೆ. ಹೊರಗೋಡೆಯ ಜಾಳಂದ್ರಗಳಲ್ಲಿರುವುದು ಬಳ್ಳಿಯಲ್ಲ, ಅಕ್ಷರ. ಮಸೀದಿ ಪಶ್ಚಿಮದಲ್ಲಿದ್ದು ಪೂರ್ವಕ್ಕೆ ಮುಖ ಮಾಡಿರುವುದರಿಂದ ಅದರ ಮುಂಭಾಗಕ್ಕೆ ಬೆಳಗಿನ ಬಿಸಿಲು. ಗೋರಿಯ ಪಶ್ಚಿಮದ ಗೋಡೆಗೆ ಸಂಜೆಯದು. ಕೊನೆಯ ಅರ್ಧ ಗಂಟೆ ಮಸೀದಿಯ ಮೆಟ್ಟಿಲ ಬಳಿ ಕೂತು ಗೋರಿಯತ್ತ ಮುಖ ಮಾಡಿ.