ಪಾರ್ಕಿಗೆ ಬಾರದವರನ್ನು ಮೊದಲು ಕೇಳಿ

ಬೆಂಗಳೂರಿನ ಬಡಾವಣೆ ಪಾರ್ಕುಗಳ ಗೇಟು ನೋಡಿದ್ದೀರಲ್ಲ? ದನ, ಬೈಕು ನುಗ್ಗಬಾರದು ಅಂತ ಕಬ್ಬಿಣದ ಪೈಪು ಬಗ್ಗಿಸಿ, ಸೊಂಟ ತಿರುಗಿಸಿಕೊಂಡು ನುಸುಳುವ ಹಾಗೆ ಮಾಡಿರುತ್ತಾರೆ. ದನ ಬರುವುದಿಲ್ಲ, ನಿಜ. ವ್ಹೀಲ್‌ಚೇರ್, ವಾಕರ್, ಮಗುವಿನ ತಳ್ಳುಗಾಡಿಯೂ ಬರುವುದಿಲ್ಲ. ಮಂಡಿ ಆಪರೇಷನ್ ಆದ ನಮ್ಮಮ್ಮ ವಾಕರ್ ಹಿಡಿದು ಗೇಟಿನವರೆಗೆ ಹೋಗಿ ವಾಪಸ್ ಬಂದಾಗಲೇ ನನಗೂ ಇದು ಕಣ್ಣಿಗೆ ಬಿದ್ದದ್ದು. ಅದೇ ಗೇಟಿನಲ್ಲಿ ಹತ್ತು ವರ್ಷ ದಿನಾ ನುಸುಳಿದ್ದೆ ನೋಡಿ!

ನಿಮ್ಮ ಪಾರ್ಕಿಗೆ ಹೊಸ ರೂಪ ಕೊಡುತ್ತಾರೆ ಅಂತ ಸುದ್ದಿ ಬಂದರೆ, ಎಸ್ಟಿಮೇಟ್ ಆಗುವ ಮುಂಚೆಯೇ ಓಡಾಡಿ. ಟೆಂಡರ್ ಆದಮೇಲೆ ಹೋದರೆ ‘ಮುಂದಿನ ಸಲ ನೋಡೋಣ ಸಾರ್’ ಅನ್ನುತ್ತಾರೆ. ಪಾಲಿಕೆಯ ತೋಟಗಾರಿಕೆ ವಿಭಾಗಕ್ಕೂ ವಾರ್ಡ್ ಎಂಜಿನಿಯರ್‌ಗೂ ಒಂದೊಂದು ಅರ್ಜಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳಿ.

ಯಾರನ್ನು ಕೇಳಬೇಕು?

ಬಡಾವಣೆ ನಿವಾಸಿಗಳ ಸಂಘದ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಕೇಳಿದರೆ ಬೆಳಗಿನ ವಾಕಿಂಗ್‌ನವರೇ ಉತ್ತರ ಕೊಡುತ್ತಾರೆ. ಅವರಿಗೆ ಬೇಕಾದ್ದು ಓಪನ್ ಜಿಮ್. ಪಾರ್ಕಿಗೆ ಬಾರದವರು ಯಾರು ಅಂತ ಹುಡುಕುವುದು ಮುಖ್ಯ. ಮೆಡಿಕಲ್ ಶಾಪ್, ಫಿಸಿಯೋಥೆರಪಿ ಕ್ಲಿನಿಕ್, ಅಂಗನವಾಡಿಯಲ್ಲಿ ವಿಚಾರಿಸಿ. ಮನೆಗೆ ಹೋಗಿ ಕೂತು ‘ಯಾಕೆ ಬರಲ್ಲ?’ ಅಂತ ಕೇಳಿ. ಮನೆಕೆಲಸದವರು, ಸೊಪ್ಪು ಮಾರುವವರು ಮಧ್ಯಾಹ್ನ ಎಲ್ಲಿ ಕೂರುತ್ತಾರೆ ಅನ್ನುವುದನ್ನೂ ಕೇಳಿ. ಎಷ್ಟೋ ಸಲ ತೊಂದರೆ ಗೇಟಿನದಲ್ಲ, ಮಧ್ಯಾಹ್ನ ಅದಕ್ಕೆ ಹಾಕುವ ಬೀಗದ್ದು.

ನಗರದಲ್ಲಿ ಇದಕ್ಕೆ ದಾರಿ ತೋರಿಸಿದವರಿದ್ದಾರೆ. ವಿಕಲಚೇತನ ಮಕ್ಕಳ ಪೋಷಕರು ಸೇರಿ ಕಟ್ಟಿದ ‘ಕಿಲಿಕಿಲಿ’ ಸಂಸ್ಥೆ ಪಾಲಿಕೆ ಜೊತೆ ಸೇರಿ ಕೋಲ್ಸ್ ಪಾರ್ಕಿನಲ್ಲಿ ಎಲ್ಲ ಮಕ್ಕಳೂ ಒಟ್ಟಿಗೆ ಆಡುವ ಜಾಗ ಮಾಡಿಸಿತು.

ಸಭೆ ಪಾರ್ಕಿನಲ್ಲೇ ಇರಲಿ

ಸಂಘದ ಕಚೇರಿ ಮೊದಲ ಮಹಡಿಯಲ್ಲಿರುತ್ತದೆ. ಮೆಟ್ಟಿಲು ಹತ್ತಲಾಗದವರ ಬಗ್ಗೆ ಅಲ್ಲಿ ಸಭೆ ಮಾಡುವುದು ತಮಾಷೆ ಅಲ್ವಾ? ಭಾನುವಾರ ಬೆಳಿಗ್ಗೆ ಒಂದು, ಸಂಜೆ ಒಂದು ಸಭೆ ಇಡಿ. ಮೊದಲು ಎಲ್ಲರೂ ಒಂದು ಸುತ್ತು ಹಾಕಿ. ವ್ಹೀಲ್‌ಚೇರ್ ಬಳಸುವವರು ಮುಂದೆ ಹೋಗಲಿ, ಎಂಜಿನಿಯರ್ ಅವರ ಜೊತೆಗಿರಲಿ. ಎದ್ದ ಟೈಲ್ಸ್, ಚಕ್ರ ಸಿಕ್ಕಿಕೊಳ್ಳುವ ಚರಂಡಿ ಜಾಲರಿ, ಮುಖಕ್ಕೆ ಹೊಡೆಯುವ ಕೊಂಬೆ ಎಲ್ಲಕ್ಕೂ ಫೋಟೊ ತೆಗೆಯಿರಿ.

ಆಮೇಲೆ ನೆಲದ ಮೇಲೆ ಸೀಮೆಸುಣ್ಣದಲ್ಲಿ ಪಾರ್ಕಿನ ನಕ್ಷೆ ಬರೆದು, ತಲೆಗೆ ಮೂರು ಹುಣಸೆಬೀಜ ಕೊಡಿ. ಎಲ್ಲಿ ಕಷ್ಟವೋ ಅಲ್ಲಿ ಇಡಲಿ. ಮಾತಾಡಲು ಹಿಂಜರಿಯುವ ಅಜ್ಜಿಯರೂ ಮಕ್ಕಳೂ ಸುಮ್ನೆ ಬಂದು ಬೀಜ ಇಟ್ಟು ಹೋಗುತ್ತಾರೆ. ಬಗ್ಗಲಾಗದವರು ಬೆರಳು ತೋರಿಸಿದರೆ ಪಕ್ಕದವರು ಇಡಲಿ. ನಮ್ಮಲ್ಲಿ ಅರ್ಧಕ್ಕಿಂತ ಜಾಸ್ತಿ ಬೀಜ ಬಿದ್ದದ್ದು ಟಾಯ್ಲೆಟ್ ಮೇಲೆ! ಅಲ್ಲಿಯವರೆಗೆ ಒಬ್ಬರೂ ಅದರ ಬಗ್ಗೆ ಬಾಯಿ ಬಿಟ್ಟಿರಲಿಲ್ಲ.

ಅಳತೆ ಬರೆದುಕೊಡಿ

‘ರ‍್ಯಾಂಪ್ ಬೇಕು’ ಅಂತಷ್ಟೇ ಬರೆದರೆ ಜಾರುಬಂಡೆ ಸಿಗುತ್ತದೆ. ಲೆಕ್ಕ ಸುಲಭ: ಒಂದು ಇಂಚು ಎತ್ತರಕ್ಕೆ ಒಂದು ಅಡಿ ಉದ್ದ. ಆರು ಇಂಚಿನ ಮೆಟ್ಟಿಲಿದ್ದರೆ ರ‍್ಯಾಂಪ್ ಆರು ಅಡಿ. ಗೇಟಿನ ಕಿಂಡಿ ಮೂರು ಅಡಿ ಇರಲಿ. ದಾರಿ ನಾಲ್ಕು ಅಡಿಗಿಂತ ಕಡಿಮೆ ಬೇಡ. ಎರಡು ವ್ಹೀಲ್‌ಚೇರ್ ಎದುರುಬದುರು ಬಂದರೆ ಆರು ಅಡಿ ಬೇಕು. ಬೆಂಚಿಗೆ ಕೈ ಊರಿ ಏಳಲು ಹಿಡಿ ಇರಲಿ. ಅರ್ಜಿಯಲ್ಲಿ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯನ್ನೂ ಎಲ್ಲರೂ ಓಡಾಡಬಲ್ಲ ಜಾಗ ಹೇಗಿರಬೇಕು ಅಂತ ಹೇಳುವ, ಕೇಂದ್ರ ವಸತಿ ಮತ್ತು ನಗರ ವ್ಯವಹಾರಗಳ ಸಚಿವಾಲಯದ 2021ರ ಮಾರ್ಗಸೂಚಿಯನ್ನೂ ಹೆಸರಿಸಿ. ಇದೇ ನೆಪದಲ್ಲಿ ‘ಒಂದು ಸಮುದಾಯ ಭವನವೂ ಇರಲಿ’ ಅನ್ನುವವರು ಬರುತ್ತಾರೆ. ಪಾರ್ಕಿನ ಜಾಗ ಪಾರ್ಕಾಗಿಯೇ ಉಳಿಯಲಿ ಅಂತಲೇ ರಾಜ್ಯದಲ್ಲಿ 1985ರ ಕಾಯ್ದೆ ಇದೆ ಅಂತ ನೆನಪಿಸಿ.

ಜಗಳ ಆಗುತ್ತದೆ, ಆಗಲಿ

ಮೂರು ಅಡಿ ಕಿಂಡಿ ಬಿಟ್ಟರೆ ಬೈಕೂ ನುಗ್ಗುತ್ತದೆ. ಎರಡು ಭಾನುವಾರ ನಮ್ಮಲ್ಲಿ ಇದೇ ಗಲಾಟೆ. ಕೊನೆಗೆ ದೊಡ್ಡ ಗೇಟಿನ ಒಂದು ಬಾಗಿಲನ್ನು ಬೆಳಿಗ್ಗೆ–ಸಂಜೆ ತೆರೆದಿಟ್ಟು, ವಾಚ್‌ಮನ್ ಕುರ್ಚಿಯನ್ನು ಅದರ ಪಕ್ಕಕ್ಕೆ ಹಾಕಿದೆವು. ಖರ್ಚು ಸೊನ್ನೆ. ಇಂಥ ಒಪ್ಪಂದಗಳನ್ನು ಬಾಯಲ್ಲಿ ಬಿಡಬೇಡಿ. ಬರೆದು, ಬಂದವರ ಸಹಿ ಹಾಕಿಸಿ, ಅರ್ಜಿಗೆ ಲಗತ್ತಿಸಿ.

ಬಿಲ್ ಪಾಸಾಗುವ ಮುಂಚೆ

ಕೆಲಸ ನಡೆಯುವಾಗ ವಾರಕ್ಕೊಮ್ಮೆ ಟೇಪು ಹಿಡಿದು ಇಬ್ಬರು ಹೋಗಿ. ಕಾಂಕ್ರೀಟ್ ಒಣಗಿದ ಮೇಲೆ ತಿದ್ದಿಸುವುದು ಬಹಳ ಕಷ್ಟ. ಮುಗಿದ ದಿನ ಮೊದಲ ಸುತ್ತಿಗೆ ಬಂದಿದ್ದವರನ್ನೇ ಮತ್ತೆ ಕರೆಯಿರಿ. ವ್ಹೀಲ್‌ಚೇರ್ ಬಳಸುವವರು ರಸ್ತೆಯಿಂದ ಟಾಯ್ಲೆಟ್ ಒಳಗಿನವರೆಗೆ ಯಾರೂ ತಳ್ಳದೆ ಹೋಗಿ ಬರಲಿ. ಎಲ್ಲಿ ನಿಂತರೋ ಆ ಜಾಗದ ಫೋಟೊ ತೆಗೆದು, ಅವತ್ತೇ ಎಂಜಿನಿಯರ್‌ಗೆ ಕಳಿಸಿ. ಕಾಂಟ್ರಾಕ್ಟರ್ ಬಿಲ್ಲಿಗೆ ಸಹಿ ಬೀಳುವವರೆಗೆ ಮಾತ್ರ ಅವರೆಲ್ಲ ನಿಮ್ಮ ಫೋನ್ ಎತ್ತುತ್ತಾರೆ.