ಬುತ್ತಿ ಒಟ್ಟಿಗೆ ಬಿಚ್ಚುವವರು: ಮೂರು ಕುಯ್ಲಿನ ನನ್ನ ಅನುಭವ

ಕುಯ್ಲಿನ ಆಳುಗಳ ಜಾಲ, ಅಂದರೆ ಯಾರು ಯಾರ ಜೊತೆ ಸೇರುತ್ತಾರೆ ಅನ್ನೋದು, ಹೇಗೆ ಬದಲಾಗುತ್ತೆ ಅನ್ನೋದನ್ನು ಲೆಕ್ಕದಲ್ಲಿ ಹಿಡಿಯೋಕಾಗಲ್ಲ ಅಂತ ಎಲ್ಲರೂ ಅಂದಿದ್ದರು. ಮೂರನೇ ವರ್ಷ ಹಿಡಿದೆ, ಅದಕ್ಕೇ ಬರೆಯುತ್ತಿದ್ದೇನೆ.

ಕೊಡಗಿನ ಸಿದ್ದಾಪುರದ ಕಡೆ ನಮ್ಮದೂ ಪಕ್ಕದ ಎರಡೂ ರೊಬಸ್ಟಾ ಕಾಫಿ ತೋಟಗಳು ಸೇರಿ 40 ಚಿಲ್ಲರೆ ಆಳು. ಜನವರಿಯಲ್ಲಿ ಆರು ಜನ ಒಟ್ಟಿಗೆ ಬಿಟ್ಟರೆ ಹಣ್ಣು ಗಿಡದಲ್ಲೇ ಒಣಗುತ್ತೆ. ಯಾರು ಹೋದರೆ ಯಾರ್ಯಾರು ಹೋಗುತ್ತಾರೆ, ನನಗೆ ಬೇಕಿದ್ದದ್ದು ಅಷ್ಟೇ.

ಮೊದಲ ವರ್ಷ ಯಾರು ಯಾರ ಹತ್ತಿರ ಇರುತ್ತಾರೆ ಅಂತ ತಿಳಿಯೋಕೆ ಬ್ಲೂಟೂತ್ ಟ್ಯಾಗ್ ತಂದೆ. 25 ಟ್ಯಾಗು, ರಿಸೀವರು ಎಲ್ಲ ಸೇರಿ 22 ಸಾವಿರದ ಹತ್ತಿರ. ಕೊರಳಲ್ಲಿದ್ದರೆ ಕೊಂಬೆಗೆ ಸಿಕ್ಕುತ್ತೆ ಅಂತ ಎಲ್ಲರೂ ಬುತ್ತಿ ಚೀಲಕ್ಕೆ ಕಟ್ಟಿ ಸಿಲ್ವರ್ ಮರದ ಬುಡದಲ್ಲಿ ಇಟ್ಟುಬಿಟ್ಟರು. ದತ್ತಾಂಶದಲ್ಲಿ 25 ಜನವೂ ದಿನವಿಡೀ ಒಂದೇ ಕಡೆ! ದುಡ್ಡು ಹೋಯಿತು.

ಎರಡನೇ ವರ್ಷ ಹಾಜರಿ ಪುಸ್ತಕವನ್ನೇ ಹಿಡಿದೆ. ಅವರನ್ನು ಕೇಳಿಯೇ ಹೆಸರಿನ ಬದಲು ನಂಬರು ಹಾಕಿ, ಒಂದೇ ಬ್ಲಾಕಿನಲ್ಲಿ ಕುಯ್ದ ಪ್ರತಿ ಜೋಡಿಗೂ ಒಂದು ಗೆರೆ ಎಳೆದೆ. 14 ಜನ ಒಂದು ಬ್ಲಾಕಿಗೆ ಇಳಿದ ದಿನ 91 ಗೆರೆ. ಜನವರಿ ಹೊತ್ತಿಗೆ ಚಿತ್ರ ನೂಲಿನ ಉಂಡೆಯಾಯಿತು. 17 ಮತ್ತು 22ರ ನಡುವಿನ ಗೆರೆ ಎಲ್ಲಕ್ಕಿಂತ ದಪ್ಪ. 17 ಬಿಟ್ಟು ಹೋದರು, 22 ಉಳಿದರು. ಎರಡೇ ದಿನಕ್ಕೆ, 17ರ ಜೊತೆ ತೆಳು ಗೆರೆಯಿದ್ದ 9 ಮತ್ತು 31 ನಾಪತ್ತೆ. ಮೇಸ್ತ್ರಿ ಅಕ್ಕ ಅಂದರು: "ಒಟ್ಟಿಗೆ ಬುತ್ತಿ ಬಿಚ್ಚೋರು ಆ ಮೂರು ಜನ, ಅಣ್ಣ. ಇಬ್ಬಿಬ್ಬರಾಗಿ ನೋಡಿದ್ರೆ ನಿಮಗೆ ಎಲ್ಲಿ ಕಾಣುತ್ತೆ?"

ಅಲ್ಲಿಗೆ ಜೋಡಿ ಬಿಟ್ಟೆ. ಒಂದು ಸಾಲಿನಲ್ಲಿ ಕುಯ್ದ ಗುಂಪನ್ನು ಒಡೆಯದೆ, ತಾರೀಖಿನ ಜೊತೆ ಒಂದೇ ಹೈಪರ್‌ಎಡ್ಜ್ (ಇಬ್ಬರಿಗಿಂತ ಹೆಚ್ಚು ಜನರನ್ನೂ ಒಂದೇ ಸಲ ಜೋಡಿಸುವ ಗೆರೆ) ಆಗಿ ಬರೆದೆ. ಪೈಥಾನ್‌ನ ಎಕ್ಸ್‌ಜಿಐ (ಇಂಥ ಗುಂಪುಗಳ ಲೆಕ್ಕಕ್ಕೆಂದೇ ಇರುವ ತಂತ್ರಾಂಶ) ಸಾಕಾಯಿತು. ಮೂವರು ಒಂದೇ ದಿನ ಸೇರಿದರೂ, ಮೂರು ದಿನ ಜೋಡಿ ಜೋಡಿಯಾಗಿ ಸೇರಿದರೂ ಜೋಡಿ ಚಿತ್ರದಲ್ಲಿ ಅದೇ ತ್ರಿಕೋನ. 2018ರಲ್ಲಿ ಆಸ್ಟಿನ್ ಬೆನ್ಸನ್ ಅನ್ನೋ ಸಂಶೋಧಕರು ಮತ್ತು ಸಂಗಡಿಗರು 19 ದತ್ತಾಂಶಗಳಲ್ಲಿ ಈ ಎರಡನ್ನೂ ಬೇರ್ಪಡಿಸಿ ನೋಡಿದ್ದನ್ನು ಓದಿದ್ದೆ. ತೋಟದಲ್ಲಿ ಕಂಡ ಮೇಲೇ ಮನಸ್ಸಿಗೆ ಇಳಿದದ್ದು. ನಮ್ಮಲ್ಲಿ ಮೊದಲನೆಯದು ಹೋದರೆ ಇಡಿಯಾಗಿ ಹೋಗುತ್ತೆ, ಎರಡನೆಯದು ಒಬ್ಬೊಬ್ಬರಾಗಿ ಕಳಚುತ್ತೆ. ಹೊಸಬರೂ ಹಾಗೇ. ಒಬ್ಬರ ಪರಿಚಯದಿಂದ ಬಂದವರು ವಾರದಲ್ಲಿ ಜಾಗ ಖಾಲಿ ಮಾಡುತ್ತಿದ್ದರು. ಮೂವರ ಗುಂಪಿಗೆ ನಾಲ್ಕನೆಯವರಾಗಿ ಸೇರಿದವರು ಕುಯ್ಲು ಮುಗಿಯುವವರೆಗೂ ನಿಂತರು.

ಪುತ್ತರಿ (ಕೊಡಗಿನ ಸುಗ್ಗಿ ಹಬ್ಬ) ರಜೆಗೆ ಹೋಗಿ ಬಂದವರು ಹೊಸದಾಗಿ ಗುಂಪು ಕಟ್ಟುತ್ತಾರೆ. ಕಾಲದ ಕಿಟಕಿಯನ್ನು, ಅಂದರೆ ಒಟ್ಟಿಗೆ ಲೆಕ್ಕ ಹಿಡಿಯುವ ದಿನಗಳ ಅವಧಿಯನ್ನು, ಅಲ್ಲೇ ಕತ್ತರಿಸಬೇಕು. ಲೆಕ್ಕದಲ್ಲಿ ದೊಡ್ಡ ಗುಂಪಿಗೆ ಕೊಡುವ ತೂಕ ಇಳಿಸಬೇಕು. ಹಳೆಯ ದಿನಗಳಿಗೆ ಎಷ್ಟು ತೂಕ ಅನ್ನೋದು ಮಾತ್ರ ನನ್ನ ಹತ್ತಿರವೇ ಇರಲಿ, ಅದಕ್ಕೆ ಒಂದು ಇಡೀ ಮಳೆಗಾಲ ಕೂತಿದ್ದೇನೆ.

ಮೆಣಸಿನ ಕುಯ್ಲಿಗೂ ಹಾಕಿ ನೋಡಿದೆ. ಅಲ್ಲಿ ಏಣಿ ಹತ್ತುವವರೊಬ್ಬರು, ಕೆಳಗೆ ಹಿಡಿಯುವವರೊಬ್ಬರು. ಹಳೆಯ ಜೋಡಿ ಲೆಕ್ಕವೇ ಚೆನ್ನಾಗಿ ಬಂತು, ಹೈಪರ್‌ಗ್ರಾಫಿನಿಂದ (ಗುಂಪಿನ ಲೆಕ್ಕದಿಂದ) ಏನೂ ಹೆಚ್ಚಿಗೆ ಸಿಗಲಿಲ್ಲ.

ಕಾಫಿಯಲ್ಲಿ ಮಾತ್ರ ಯಾರ್ಯಾರು ಹೋಗುತ್ತಾರೆ ಅನ್ನೋದನ್ನು ಗುಂಪಿನ ಲೆಕ್ಕ ಹತ್ತಕ್ಕೆ ಏಳು ಸಲ ಸರಿ ಹೇಳಿದೆ. ಜೋಡಿ ಲೆಕ್ಕ ನಾಲ್ಕು ದಾಟಿರಲಿಲ್ಲ. ಕಳೆದ ಜನವರಿಯಲ್ಲಿ 9ನೇ ನಂಬರಿನವರು ಊರಲ್ಲಿ ಮದುವೆ ಅಂದ ದಿನವೇ ಬದಲಿಗೆ ಒಬ್ಬರಲ್ಲ, ಮೂವರಿಗೆ ಹೇಳಿ ಕಳಿಸಿದೆ. ಮೂವರು ಯಾಕೆ ಅಂತ ಪಕ್ಕದ ತೋಟದವರು ಒಪ್ಪಲಿಲ್ಲ. ಮಾರನೇ ಬೆಳಿಗ್ಗೆ ಜೀಪಿನಲ್ಲಿ ಮೂರು ಜಾಗ ಖಾಲಿ, ಬದಲಿಯವರು ಗೇಟಿನಲ್ಲಿ ನಿಂತಿದ್ದರು. ಆ ಬ್ಲಾಕಿನಲ್ಲೇ 20 ಮೂಟೆ ಹಣ್ಣು ಗಿಡದಲ್ಲಿ ಒಣಗದೆ ಕೈಗೆ ಸಿಕ್ಕಿತು.

ಈ ಸಲದ ಹಾಜರಿ ಪುಸ್ತಕದಲ್ಲಿ ಮೇಸ್ತ್ರಿ ಅಕ್ಕನೇ ಸ್ಕೇಲು ಹಿಡಿದು ಒಂದು ಕಲಂ ಹೆಚ್ಚಿಗೆ ಎಳೆದಿದ್ದಾರೆ: ಬುತ್ತಿ ಯಾರ ಜೊತೆ.