ಸುರುಸುರು ಬತ್ತಿ ಆರಿದ ಮೇಲೂ ಸುಡುತ್ತೆ, ಹುಷಾರು

ತುಮಕೂರಿನ ನಮ್ಮ ಬೀದಿಯವರಿಗೆ ದೀಪಾವಳಿಗೆ ಮುಂಚೆ ಒಂದು ಮಾತು. ಹೋದ ವರ್ಷ ನನ್ನ ಮಗಳ ಕಾಲು ಸುಟ್ಟಿದ್ದು ಲಕ್ಷ್ಮಿ ಪಟಾಕಿಯಿಂದಲ್ಲ, ಆರಿ ಬಿದ್ದಿದ್ದ ಸುರುಸುರು ಬತ್ತಿಯ ಕಂಬಿ ತುಳಿದು. ಉರಿಯುವಾಗ ಅದರ ಬಿಸಿ 1000 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತೆ. ಪಕ್ಕದಲ್ಲೇ ಅರ್ಧ ಬಕೆಟ್ ನೀರಿಡಿ, ಕಂಬಿ ಆರಿದ ಕೂಡಲೇ ಅದಕ್ಕೆ ಹಾಕಿ. ಚುಂಯ್ ಅನ್ನುತ್ತೆ, ಮಕ್ಕಳಿಗೆ ಅದೂ ಒಂದು ಮಜಾ.

ಠುಸ್ ಆದ ಹೂಕುಂಡವನ್ನು ಬಗ್ಗಿ ನೋಡಬೇಡಿ. ಸ್ವಲ್ಪ ಹೊತ್ತು ಬಿಟ್ಟು ದೂರದಿಂದ ನೀರು ಸುರಿಯಿರಿ. ಚರ್ಮ ಸುಟ್ಟರೆ 20 ನಿಮಿಷ ನಲ್ಲಿ ನೀರು ಬಿಡಿ. ಟೂತ್‌ಪೇಸ್ಟ್ ಬೇಡ (ನಮ್ಮತ್ತೆ ಟ್ಯೂಬ್ ಹಿಡಿದೇ ಓಡಿ ಬಂದಿದ್ದರು!).

ಸದ್ದಿನದ್ದು ರಾತ್ರಿ 8ರಿಂದ 10ರೊಳಗೆ ಮುಗಿಸಿ. 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಹೊತ್ತೂ ಅದೇ. ಆಮೇಲೆ, ಬೀದಿ ನಾಯಿಗಳು ಹೆದರಿ ಒಳಗೆ ಬಂದರೆ ಓಡಿಸಬೇಡಿ, ಒಂದು ಗೋಣಿಚೀಲ ಹಾಸಿಬಿಡಿ.